ಡೊನ್ಯಾ ಎವುಮೆಲಿಯಾ ಸದ್ದಿಲ್ಲದೆ ರುಚಿ ನೋಡಿದ ದಿನ

೨೦೧೯ರ ನವೆಂಬರ್ ೧೨, ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಯಜಮಾನಿ ಡೊನ್ಯಾ ಎವುಮೆಲಿಯಾ ಪೆರ್ದೊಮೊ ತಮ್ಮ ಚಮಚವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಆರ್ಲೆ, ಸೋಮವಾರದಿಂದ ಮೂರು ವಾರ ನಾನು ಕಾಫಿ ಕೊಳ್ಳೋರ ಜೊತೆ ಬೊಗೊಟಾದಲ್ಲಿರ್ತೀನಿ. ಈ ಮೇಜು ನಿನ್ನ ಕೈಲಿ."

ಪಿತಾಲಿತೊ ಊರಿನ ನಮ್ಮ ಕಾಫಿ ಬೆಳೆಗಾರರ ಸಂಘದಲ್ಲಿ ಆ ಮೇಜು ಸಾಮಾನ್ಯದ್ದಲ್ಲ. ಬೆಟ್ಟದಿಂದ ಇಳಿದು ಬರುವ ಪ್ರತಿಯೊಂದು ಲಾಟು ಕಾಫಿಯನ್ನೂ ಅಲ್ಲಿ ಐದು ಬಟ್ಟಲುಗಳಲ್ಲಿ ಹೀರಿ, ಉಗುಳಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತೇವೆ. ಬೆಳೆಗಾರನ ಒಂದು ವರ್ಷದ ದುಡಿಮೆ ಆ ಅಂಕದ ಮೇಲೆ ನಿಂತಿರುತ್ತದೆ.

"ನಾನೊಬ್ಬನೇನಾ, ಡೊನ್ಯಾ?"

"ಈ ಸುಗ್ಗೀಲಿ ಅರವತ್ನಾಲ್ಕು ಲಾಟು ನೋಡಿದ್ವಿ. ಅರವತ್ತೊಂದರಲ್ಲಿ ನಿನ್ನ ಅಂಕಕ್ಕೂ ನನ್ನ ಅಂಕಕ್ಕೂ ಕಾಲು ಅಂಕ ಮೀರಿ ವ್ಯತ್ಯಾಸ ಬಂದಿಲ್ಲ. ನಾನೂ ನಮ್ಮಕ್ಕನೂ ಒಂದೇ ಮನೇಲಿ ಬೆಳೆದ್ರೂ ಸಾರಿಗೆ ಎಷ್ಟು ಉಪ್ಪು ಅನ್ನೋದ್ರಲ್ಲಿ ಇವತ್ತಿಗೂ ಒಪ್ಪಲ್ಲ."

ಕಾಫಿ ಹುರಿಯುವ ಎಡಿಲ್ಬೆರ್ಟೊ ಯಂತ್ರದಿಂದ ಕಣ್ಣು ತೆಗೆಯದೆ ನನಗೆ ಹೇಳಿದ: "ವಿಜ್ಞಾನಿಗಳೇ, ನಾಲಿಗೆಗೆ ವಿಮೆ ಮಾಡಿಸಿಬಿಡಿ."

ಆ ಅಂಕಗಳನ್ನು ಕೊಟ್ಟದ್ದು ನನ್ನ ನಾಲಿಗೆ ಆಗಿರಲಿಲ್ಲ.

ಹಿಂದಿನ ಯಜಮಾನರಾದ ಡೊನ್ ಎರಿಬೆರ್ತೊ ಎಲ್ಲರಿಗಿಂತ ಮೊದಲು ತಾವೇ ಅಂಕ ಹೇಳುತ್ತಿದ್ದರಂತೆ. ಅವರು ಚಾಕೊಲೇಟು ಅಂದರೆ ಮೇಜಿನ ಸುತ್ತಲಿನ ಆರು ಬಾಯಿಗಳಲ್ಲೂ ಚಾಕೊಲೇಟು. ಡೊನ್ಯಾ ಎವುಮೆಲಿಯಾ ಅಧಿಕಾರಕ್ಕೆ ಬಂದ ದಿನವೇ ಆ ಪದ್ಧತಿಯನ್ನು ತಿರುವಿ ಹಾಕಿದರು: ಎಲ್ಲರಿಗಿಂತ ಕಿರಿಯರು ಮೊದಲು ಹೇಳಬೇಕು, ಅವರು ಕೊನೆಗೆ. ಅಲ್ಲಿಯವರೆಗೆ ಅವರ ಮುಖ ಸುಣ್ಣ ಬಳಿದ ಗೋಡೆ. "ಹೆಂಗಸಲ್ವಾ, ಮೊದಲು ಬಾಯಿ ಬಿಡೋಕೆ ಹೆದರಿಕೆ" ಎಂದು ಎಡಿಲ್ಬೆರ್ಟೊ ಆಗ ನಕ್ಕಿದ್ದನಂತೆ. ಯಾರಿಗೆ ಹೆದರಿಕೆ ಎಂಬುದು ಎರಡೇ ವಾರದಲ್ಲಿ ಗೊತ್ತಾಯಿತಂತೆ.

ನಾನು ಸೇರಿದಾಗ ಎಲ್ಲರಿಗಿಂತ ಕಿರಿಯ. ಪ್ರತಿ ಲಾಟಿಗೂ ನಾನೇ ಮೊದಲು ಅಂಕ ಹೇಳಬೇಕಿತ್ತು. ಆದರೆ ಒಂದು ಸಂಗತಿಯನ್ನು ಬೇಗ ಗಮನಿಸಿದೆ. ಡೊನ್ಯಾ ಅವರ ಮುಖ ಗೋಡೆಯಾದರೂ, ಅವರು ಸುರ್ರೆಂದು ಹೀರುವ ಸದ್ದು ಗೋಡೆಯಲ್ಲ. ಜೇಬಿನಲ್ಲಿ ಫೋನಿಟ್ಟು ಆ ಸದ್ದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ಅಳೆದೆ. ಸೆಕೆಂಡಿನ ಹತ್ತರಲ್ಲಿ ಎಂಟು ಪಾಲಿಗಿಂತ ಕಡಿಮೆ ಇದ್ದರೆ ಅಂಕ ಎಂಬತ್ತೆರಡು ದಾಟುವುದಿಲ್ಲ. ಒಂದೂಕಾಲು ಸೆಕೆಂಡು ಮೀರಿದರೆ ಎಂಬತ್ತಾರರ ಮೇಲೆ. ಉಗುಳದೆ ನುಂಗಿಬಿಟ್ಟರೆ ಎಂಬತ್ತೆಂಟು ಖಚಿತ. ನೇಯ್ವಾದಲ್ಲಿ ನಾಲ್ಕೂವರೆ ವರ್ಷ ರಸಾಯನಶಾಸ್ತ್ರ ಓದಿದವನು ನಾನು. ನೋಟ್‌ಬುಕ್ಕಿನಲ್ಲಿ ಚುಕ್ಕಿಗಳನ್ನಿಟ್ಟು ಗೆರೆ ಎಳೆದೆ. ಗೆರೆ ಚೆನ್ನಾಗಿ ಕೂತಿತು. ಆಮೇಲಿಂದ ಮೇಜಿನ ಬಳಿ ಅವರ ಸದ್ದನ್ನು ಮನಸ್ಸಿನಲ್ಲೇ ಎಣಿಸಿ ನನ್ನ ಅಂಕ ಹೇಳತೊಡಗಿದೆ. ಇದು ಕಳ್ಳತನವಲ್ಲ, ವೀಕ್ಷಣೆ ಎಂದು ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ, ಅವರು ಹೊರಡುವ ಮುಂಚಿನ ಕೊನೆಯ ಸರದಿಗೆ, ಡೊನ್ಯಾ ಎಡಗೆನ್ನೆ ಊದಿಸಿಕೊಂಡು ಬಂದರು.

"ದವಡೆ ಹಲ್ಲು ಕೀಳಿಸ್ದೆ. ನಾಲ್ಕು ದಿನ ಏನನ್ನೂ ಹೀರಬೇಡಿ ಅಂದಿದಾರೆ ಡಾಕ್ಟ್ರು. ರುಚಿ ನೋಡಬೇಡಿ ಅಂದಿಲ್ಲ."

ಚಮಚವನ್ನು ತುಟಿಗೆ ಓರೆ ಮಾಡಿ ಕಾಫಿಯನ್ನು ಒಳಗೆ ಸುರಿದುಕೊಂಡರು. ಸದ್ದೇ ಇಲ್ಲ. ಎರಡನೇ ಲಾಟು, ಮೂರನೇ ಲಾಟು, ಸದ್ದಿಲ್ಲ. ನನ್ನ ಮುಂದೆ ಬರೀ ಕಾಫಿ ಉಳಿಯಿತು.

ಬೇರೆ ದಾರಿ ಕಾಣದೆ ಅದರ ರುಚಿ ನೋಡಿದೆ.

ಮೂರನೇ ಲಾಟಿಗೆ ಎಂಬತ್ತೊಂದು ಎಂದೆ, ಐದನೆಯದಕ್ಕೆ ಎಂಬತ್ತೊಂಬತ್ತು. ಡೊನ್ಯಾ ಅಂಕ ಬರೆದಿದ್ದ ತಮ್ಮ ಕಾರ್ಡು ತಿರುಗಿಸಿದರು. ಮೂರನೆಯದಕ್ಕೆ ಎಂಬತ್ತೈದು, ಐದನೆಯದಕ್ಕೆ ಎಂಬತ್ನಾಲ್ಕು.

"ಮದುವೆ ಮುರೀತು" ಎಂದ ಎಡಿಲ್ಬೆರ್ಟೊ.

"ನೀನು ಹೋಗಿ ಐಸ್ ತಗೊಂಬಾ" ಎಂದು ಡೊನ್ಯಾ ಅವನನ್ನು ಹೊರಗೆ ಕಳಿಸಿದರು. ಆಮೇಲೆ ನನ್ನನ್ನು ನೋಡಿದರು. "ಏನಾಯ್ತು?"

ನಾನು ನೋಟ್‌ಬುಕ್ ತೆಗೆದು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಕನ್ನಡಕ ಹಾಕಿಕೊಂಡು ಅವರು ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು.

"ಈ ಒಂದು ಚುಕ್ಕಿ ಯಾಕೆ ಅಷ್ಟು ದೂರ ಹೋಗಿದೆ?"

"ಅದು ಸೆಪ್ಟೆಂಬರ್ ಹತ್ತೊಂಬತ್ತು, ಡೊನ್ಯಾ. ಅವತ್ತು ನಿಮಗೆ ಬಿಕ್ಕಳಿಕೆ ಬಂದಿತ್ತು."

ನಗು ಬಂದು ಕೆನ್ನೆ ಹಿಡಿದುಕೊಂಡರು. "ನಗಿಸ್ಬೇಡ, ಹೊಲಿಗೆ ಬಿಟ್ಕೊಳ್ಳುತ್ತೆ." ಕನ್ನಡಕ ತೆಗೆದಿಟ್ಟರು. "ಎರಿಬೆರ್ತೊ ಕಾಲದಲ್ಲಿ ಈ ಮೇಜಿನ ಆರನೇ ಬಾಯಿ ನಂದೇ. ಹನ್ನೊಂದು ವರ್ಷ ಅವರು ಹೂವು ಅಂದ್ರೆ ಹೂವು, ಹಣ್ಣು ಅಂದ್ರೆ ಹಣ್ಣು. ಹೇಳು, ಮೂರನೇದ್ರಲ್ಲಿ ಏನು ಕಂಡೆ?"

"ಒದ್ದೆ ಗೋಣಿ ವಾಸನೆ. ನಾಲ್ಕನೇ ಬಟ್ಟಲಲ್ಲಿ ಮಾತ್ರ."

ಆ ಬಟ್ಟಲು ಆಗಲೇ ಆರಿತ್ತು. ಅವರು ಬಾಯಿ ಮುಕ್ಕಳಿಸಿ ಬಂದು, ಒಂದು ಚಮಚ ತೆಗೆದುಕೊಂಡು ಕಣ್ಣು ಮುಚ್ಚಿದರು. "ಇದೆ. ವಸಡಿಗೆ ಲವಂಗದೆಣ್ಣೆ ಹಚ್ಕೊಂಡಿದ್ದೆ ನೋಡು, ಅದೇ ನುಂಗಿಹಾಕ್ತು." ತಮ್ಮ ಅಂಕವನ್ನು ಹೊಡೆದುಹಾಕಿದರು. "ಐದನೇದು?"

"ನಮ್ಮಜ್ಜಿ ಮಾಡ್ತಿದ್ದ ಚೊಲುಪಾ ಹಣ್ಣಿನ ಪಾನಕದ ಥರ ಇತ್ತು."

"ಹಾಗಾದ್ರೆ ಎಂಬತ್ತೊಂಬತ್ತು ಅಜ್ಜಿಗೆ ಕೊಟ್ಟಿದ್ದು. ಕಾಫಿಗೆಷ್ಟು?"

ಮತ್ತೊಮ್ಮೆ ಹೀರಿದೆ. "ಎಂಬತ್ತೈದೂವರೆ."

"ನಂದು ಎಂಬತ್ನಾಲ್ಕೇ. ಇರ್ಲಿ ಬಿಡು."

"ಮೇಜು ಯಾರಿಗೆ ಕೊಡ್ತೀರಿ ಡೊನ್ಯಾ?" ಎಂದು ಕೇಳಿದೆ.

"ತಪ್ಪು ಮಾಡೋ ನಾಲಿಗೆ ಆದ್ರೆ ತಿದ್ದಬಹುದು. ಎರವಲು ನಾಲಿಗೇನ ಏನ್ ಮಾಡ್ಲಿ? ಸೋಮವಾರ ಎಂಟಕ್ಕೆ ಬಂದು ಬಾಗಿಲು ತೆಗಿ. ಒಂದೊಂದು ಲಾಟಿಂದಲೂ ಮುನ್ನೂರು ಗ್ರಾಂ ಕಟ್ಟಿ, ಸೀಲ್ ಹಾಕಿಡು. ಬಂದ್ಮೇಲೆ ನಾನೂ ನೋಡ್ತೀನಿ, ನಿನ್ನ ಕಾರ್ಡು ನೋಡದೆ." ನೋಟ್‌ಬುಕ್ಕನ್ನು ಕೈಚೀಲಕ್ಕೆ ಹಾಕಿಕೊಂಡರು. "ಇದು ನನ್ನ ಜೊತೆ ಬರುತ್ತೆ. ಕೊಳ್ಳೋರ ಮುಂದೆ ಎಷ್ಟು ಹೊತ್ತು ಹೀರಬಾರದು ಅಂತ ಈಗ ಗೊತ್ತಾಯ್ತಲ್ಲ."

ಸೋಮವಾರ ನಾನು ಮೊದಲ ಬಟ್ಟಲನ್ನು ಎಷ್ಟು ಜೋರಾಗಿ ಹೀರಿದೆನೆಂದರೆ ಎಡಿಲ್ಬೆರ್ಟೊ ಪಕ್ಕದ ಕೋಣೆಯಿಂದ ಓಡಿಬಂದ. "ನಲ್ಲಿ ಏನಾದ್ರೂ ಒಡೀತಾ?"

ಡಿಸೆಂಬರ್ ೯ರಂದು ಡೊನ್ಯಾ ಕೆನ್ನೆಯ ಊತ ಇಳಿದು ವಾಪಸು ಬಂದರು. ಎರಡು ದಿನ ಕೂತು ಸೀಲ್ ಹಾಕಿದ್ದ ಎಲ್ಲ ಪೊಟ್ಟಣಗಳ ರುಚಿ ನೋಡಿದರು. ಅಷ್ಟು ಹೊತ್ತೂ ನಾನು ಅಂಗಳದಲ್ಲಿದ್ದೆ, ಸದ್ದು ಕಿವಿಗೆ ಬೀಳದಷ್ಟು ದೂರದಲ್ಲಿ. ಹಾಗೆ ನಿಲ್ಲುತ್ತೇನೆಂದು ಕೇಳಿಕೊಂಡವನು ನಾನೇ. ಕೊನೆಗೆ ಎಡಿಲ್ಬೆರ್ಟೊ ಎರಡೂ ಕಟ್ಟು ಕಾರ್ಡುಗಳನ್ನು ಜೋಡಿ ಜೋಡಿಯಾಗಿ ಓದಿದ, ನಾನು ಕಳೆದು ಕೂಡಿದೆ. ಇಪ್ಪತ್ತೆರಡು ಲಾಟುಗಳಲ್ಲಿ ಒಂದರಲ್ಲೂ ನಮ್ಮ ಅಂಕ ಒಂದೇ ಆಗಿರಲಿಲ್ಲ. ಡೊನ್ಯಾ ಇನ್ನೊಮ್ಮೆ ತಾವೇ ಕೂಡಿ ನೋಡಿ, ಮೇಜಿನ ಕೋಣೆಯ ಬೀಗದ ಕೈಯ ಎರಡನೇ ಪ್ರತಿಯನ್ನು "ಇನ್ಮೇಲೆ ಇದು ನಿನ್ನದೇ" ಎಂದು ನನ್ನ ಕಡೆ ತಳ್ಳಿದರು. ಸರಾಸರಿ ವ್ಯತ್ಯಾಸ ೧.೨೫ ಅಂಕ.