ಟ್ಯಾಂಕು ತುಂಬಿದಾಗ ಮಾತ್ರ

ಮನೆಯ ಹಳೆಯ ಟ್ರ್ಯಾಕ್ಟರ್ ಓಡಿಸುತ್ತಿದ್ದವಳು ಸೊಸೆ. ಗಂಡನಿಗೆ ಕಚೇರಿ ಕೆಲಸ. ಮಾವ ಗಾರೆ ಮೇಸ್ತ್ರಿಯಾಗಿ ದುಡಿದು, ಈಗ ಮಂಡಿನೋವಿನಿಂದ ಮನೆಯಲ್ಲಿದ್ದರು. ಕೆಲವು ವಾರಗಳಿಂದ ಟ್ರ್ಯಾಕ್ಟರ್ ಬೆಳಿಗ್ಗೆ ಹೊತ್ತು ಹಟ ಹಿಡಿಯುತ್ತಿತ್ತು. ಸೆಲ್ಫ್ ಹೊಡೆದರೆ ಎಂಜಿನ್ ಗಿರಗಿರ ತಿರುಗುತ್ತಿತ್ತು, ಆದರೆ ಹೊಗೆಯೂ ಬರುತ್ತಿರಲಿಲ್ಲ, ಶುರುವೂ ಆಗುತ್ತಿರಲಿಲ್ಲ. ಡೀಸೆಲ್ ಪಂಪಿನ ಸ್ಕ್ರೂ ಸಡಿಲಿಸಿ, ಒಳಗೆ ಸೇರಿದ ಗಾಳಿ ಹೋಗುವಂತೆ ಏರ್ ತೆಗೆದರೆ ಒಂದೇ ಏಟಿಗೆ ಶುರು. ಆಮೇಲೆ ಸಂಜೆಯವರೆಗೆ ತಕರಾರಿಲ್ಲ.

ಮೆಕ್ಯಾನಿಕ್ ಬ್ಯಾಟರಿ ನೋಡಿದ, ಫಿಲ್ಟರ್ ಬದಲಿಸಿದ. ಮೂರನೆಯ ಸಲ ಬಂದಾಗ ಕೈ ಒರೆಸಿಕೊಳ್ಳುತ್ತ, “ವಯಸ್ಸಾಯ್ತಕ್ಕ ಇದಕ್ಕೆ. ಕಂಪ್ರೆಷನ್ ಇಳಿದಿದೆ. ಎಂಜಿನ್ ಬಿಚ್ಚಬೇಕು,” ಅಂದ.

“ಹಾಗಾದ್ರೆ ಟ್ಯಾಂಕ್ ತುಂಬಿಸಿದ ಮಾರನೇ ದಿನ ಚೆನ್ನಾಗಿ ಸ್ಟಾರ್ಟ್ ಆಗುತ್ತಲ್ಲ, ಯಾಕೆ? ಅರ್ಧಕ್ಕಿಳಿದಾಗಲೇ ಇದರ ಕಾಟ. ಹೊಟ್ಟೆ ತುಂಬ ಕುಡಿದ್ರೆ ಇದಕ್ಕೆ ವಯಸ್ಸು ಕಮ್ಮಿಯಾಗುತ್ತಾ?”

ಮೆಕ್ಯಾನಿಕ್ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಎಲ್ಲಿಂದಲೋ ಗಾಳಿ ಡೀಸೆಲ್ಲಿನೊಳಗೆ ಸೇರುತ್ತಿದೆ ಎಂಬುದು ಅವಳ ಗುಮಾನಿ. ಕೇಳಿಸಿಕೊಂಡ ಮಾವ ಅಟ್ಟದಿಂದ ಸುರುಳಿ ಸುತ್ತಿದ ಪಾರದರ್ಶಕ ಪೈಪೊಂದನ್ನು ಇಳಿಸಿಕೊಂಡು ಬಂದರು.

“ನೀರು ತುಂಬಿ ನೆಲದ ಮಟ್ಟ ನೋಡೋ ಪೈಪು ಇದು. ನೀರಲ್ಲಿ ಒಂದು ಗುಳ್ಳೆ ಇದ್ರೂ ನೆಲ ಸೊಟ್ಟ ಬರ್ತಿತ್ತು. ಇದರೊಳಗೆ ಡೀಸೆಲ್ ಬಿಟ್ಟು ನೋಡೋಣಮ್ಮ, ಗಾಳಿ ಬಂದ್ರೆ ಕಾಣುತ್ತೆ.”

ಟ್ಯಾಂಕಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪು ಬಿಚ್ಚಿ, ಆ ಜಾಗಕ್ಕೆ ಇದರ ತುಂಡೊಂದನ್ನು ಹಾಕಿ ಬಿಗಿದರು, ಏರ್ ತೆಗೆದರು. ಟ್ಯಾಂಕನ್ನು ಬೇಕೆಂದೇ ತುಂಬಿಸಲಿಲ್ಲ. ಮಾರನೇ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಇಬ್ಬರೂ ಶೆಡ್ಡಿನಲ್ಲಿದ್ದರು. ಪೈಪಿನ ತುಂಬ ಡೀಸೆಲ್, ಒಂದು ಗುಳ್ಳೆಯೂ ಇಲ್ಲ. ಮಾವನ ಮುಖ ಸಪ್ಪಗಾಯಿತು. ಅವಳು ಸೆಲ್ಫ್ ಹೊಡೆದಳು. ಎಂಜಿನ್ ಶುರುವಾಗಿಬಿಟ್ಟಿತು.

“ನಾವೇನೂ ರಿಪೇರಿನೇ ಮಾಡ್ಲಿಲ್ವಲ್ಲಮ್ಮ.”

“ಒಂದು ತೆಗೆದು ಇನ್ನೊಂದು ಹಾಕಿದ್ವಲ್ಲ ಮಾವ.” ಮಾತು ಮುಗಿಸುವಷ್ಟರಲ್ಲಿ ಅವಳ ಕಣ್ಣು ಮೂಲೆಯಲ್ಲಿ ಬಿದ್ದಿದ್ದ ಹಳೆಯ ರಬ್ಬರ್ ಪೈಪಿನ ಮೇಲೆ ಹೋಯಿತು.

ಅದರ ಒಂದು ತುದಿಗೆ ಬಿರಡೆ ತುರುಕಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಗೆ ಸೈಕಲ್ ಪಂಪು ಒತ್ತಿದಳು. ಪೈಪು ಟ್ಯಾಂಕಿನಿಂದ ಮೇಲೇರಿ ಪಂಪಿನತ್ತ ಬಾಗುತ್ತಿದ್ದ ಕಡೆ, ಅಡಿಭಾಗದಲ್ಲಿ, ಕೂದಲೆಳೆಯಂಥ ಬಿರುಕಿನಿಂದ ಗುಳ್ಳೆಗಳು ಸಾಲುಗಟ್ಟಿ ಮೇಲೆದ್ದವು.

ಮಾವ ಬಗ್ಗಿ ನೋಡಿದರು. “ಸರಿ, ಗಾಳಿ ಒಳಗೆ ಹೋಗೋ ಕಡೆ ಡೀಸೆಲ್ ಹೊರಗೆ ಬರಬೇಕಿತ್ತಲ್ಲ?”

ಅವಳೂ ಅದನ್ನೇ ಯೋಚಿಸುತ್ತಿದ್ದಳು. ಪೈಪಿದ್ದ ಜಾಗದ ಕೆಳಗಿನ ಕಬ್ಬಿಣವನ್ನು ಬೆರಳಿಂದ ಉಜ್ಜಿದಳು. ಅಂಟು ಅಂಟಾದ ಕಪ್ಪು ಧೂಳು ಹತ್ತಿತು. “ಬಂದಿದೆ ಮಾವ. ಟ್ಯಾಂಕ್ ತುಂಬಿದ್ದಾಗ ಡೀಸೆಲ್ ಈ ಬಿರುಕಿಗಿಂತ ಮೇಲಿರುತ್ತೆ, ಹಾಗಾಗಿ ಹೊರಗೆ ಜಿನುಗುತ್ತೆ. ಕೆಳಗಿಳಿದ್ರೆ ಇಲ್ಲಿಂದ ಗಾಳಿ ಒಳಗೆ ಸೇರಿ, ಪೈಪಲ್ಲಿರೋ ಡೀಸೆಲ್ ರಾತ್ರಿಯೆಲ್ಲ ಟ್ಯಾಂಕಿಗೆ ವಾಪಸ್ ಇಳಿಯುತ್ತೆ. ಈ ಅಂಟು ಧೂಳನ್ನ ನಾನು ಬರೀ ಕೊಳೆ ಅಂದ್ಕೊಂಡು ಒರೆಸ್ತಿದ್ದೆ.”

ಮಧ್ಯಾಹ್ನ ಹೊಸ ರಬ್ಬರ್ ಪೈಪು ಹಾಕುತ್ತಿದ್ದಾಗ ಮೆಕ್ಯಾನಿಕ್ ಬಂದ. ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ತಾನೇ ನಾಲ್ಕೈದು ಸಲ ಪಂಪು ಒತ್ತಿ, ಗುಳ್ಳೆಗಳನ್ನು ನೋಡಿದ.

“ಅಕ್ಕ, ಈ ಹಳೇ ಪೈಪು ನಾನು ತಗೊಂಡು ಹೋಗ್ಲಾ? ಅಂಗಡಿಯಲ್ಲಿ ಕಣ್ಣಿಗೆ ಬೀಳೋ ಹಾಗೆ ಇಟ್ಕೊಳ್ತೀನಿ, ಇನ್ನೊಬ್ಬರಿಗೆ ಎಂಜಿನ್ ಬಿಚ್ಚಬೇಕು ಅನ್ನೋ ಮೊದಲು ನೆನಪಾಗ್ಲಿ.”