ಅಡುಗೆಮನೆಯ ನೆಲ

ಯೊಂಜು ಎಂಬ ಹುಡುಗಿ ಪಾಂಗ್ಯೊ ನಗರದ ನಮ್ಮ ಕಂಪನಿಗೆ ಮೊದಲು ಅರ್ಜಿ ಹಾಕಿದ್ದು ಕಂಪ್ಯೂಟರ್ ಗೇಮ್‌ಗಳಲ್ಲಿ ಊರು, ಕಾಡು, ಕೋಟೆ ಕಟ್ಟುವ ಕಲಾವಿದೆಯ ಕೆಲಸಕ್ಕೆ. ಅದಕ್ಕೂ ಮುಂಚೆ ಆರು ವರ್ಷ ದಂತವೈದ್ಯರೊಬ್ಬರ ಬಳಿ ಹಲ್ಲಿನ ಅಚ್ಚು ತೆಗೆಯುತ್ತಿದ್ದಳು. ಗೇಮಿನ ಊರು ಕಟ್ಟುವ ವಿದ್ಯೆಯನ್ನು ತಾನೇ ಕಲಿತಿದ್ದಳು. ಪರೀಕ್ಷೆಗೆಂದು ಕಂಪನಿ ಕಂಪ್ಯೂಟರಿನಲ್ಲಿ ಒಂದು ಹಳ್ಳಿ ಕಟ್ಟಿ ಕಳಿಸಲು ಹೇಳಿತು. ಅವಳು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಅಜ್ಜಿಯ ಊರನ್ನು, ಅಜ್ಜಿಯನ್ನೇ ಕೇಳಿ ಕೇಳಿ ಕಟ್ಟಿದಳು. ಆಯ್ಕೆಯಾಗಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು.

ಮುಂದಿನ ವಸಂತದಲ್ಲಿ ನಮ್ಮ ಹೊಸ ಗೇಮಿನ ಜಾಹೀರಾತಿನಲ್ಲಿ ಅದೇ ಊರು ಕಂಡಿತು. ಬಾವಿ, ಬಾವಿಯ ಮೇಲೆ ಬಾಗಿದ ಪರ್ಸಿಮನ್ ಹಣ್ಣಿನ ಮರ, ಅಜ್ಜಿಯ ಮನೆ. ಮರುದಿನವೇ ಯೊಂಜು ಬಂದು ಕಂಪನಿಯ ಬಾಗಿಲಲ್ಲಿ ನಿಂತಳು. ಟೀಮ್ ಲೀಡರ್ ತಾಕ್ ಕೆಳಗಿಳಿದು ಬಂದರು.

"ಕಳಿಸಿದ್ದೆಲ್ಲ ಕಂಪನಿದು ಅಂತ ನೀವೇ ಸಹಿ ಹಾಕಿದೀರಲ್ಲ, ಯೊಂಜು ಅವರೇ. ಓದಿರ್ಲಿಲ್ವಾ?"

"ಕೆಲಸ ಸಿಗುತ್ತೆ ಅಂತ ಹಾಕ್ದೆ."

"ಎಲ್ರೂ ಹಾಗೇ ಹಾಕೋದು." ತಾಕ್ ಮುಂದುವರಿಸಿದರು, "ಟೆಸ್ಟಿಂಗ್‌ನಲ್ಲಿ ಆರು ತಿಂಗಳ ಜಾಗ ಇದೆ. ಒಂದ್ಸಲ ಒಳಗೆ ಬನ್ನಿ, ಆಮೇಲೆ ನೋಡೋಣ."

ಹಾಗೆ ಅವಳು ನನ್ನ ಪಕ್ಕದ ಕುರ್ಚಿಗೆ ಬಂದಳು. ಗೇಮಿನೊಳಗಿನ ಮನುಷ್ಯನನ್ನು ಒಂದೊಂದು ಗೋಡೆಗೂ ಗುದ್ದಿಸಿ, ಎಲ್ಲಾದರೂ ತೂರಿ ಹೋದರೆ ಬರೆದುಕೊಳ್ಳುವುದು ನಮ್ಮ ಕೆಲಸ. ಅವಳ ಪಾಲಿಗೆ ಅಜ್ಜಿಯ ಆ ಊರೇ ಸಿಕ್ಕಿತು.

"ಬೇಡ ಅನ್ನಬಹುದಿತ್ತು ಕಣೆ," ಎಂದೆ.

"ಬೇರೆಯವರು ಗುದ್ದೋದಕ್ಕಿಂತ ನಾನೇ ಗುದ್ದೋದು ವಾಸಿ ಅಕ್ಕಾ."

ಐದನೇ ತಿಂಗಳು ಅಜ್ಜಿಯ ಅಡುಗೆಮನೆಯಲ್ಲಿ ಗೇಮಿನ ಆ ಮನುಷ್ಯ ನೆಲ ಸೀಳಿಕೊಂಡು ಕೆಳಗೆ ಬಿದ್ದ. ಎರಡು ದಿನ ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ವರದಿ ಮಾಡಿದಳು. ರಿಪೇರಿಗೆ ಸಮಯವಿಲ್ಲ, ಮನೆ ತೆಗೆದು ಹುಲ್ಲು ಹಾಸಿ ಎಂದು ತಾಕ್ ಹೇಳಿಕಳಿಸಿದರು.

ಅವರ ಮೇಜಿನ ಬಳಿ ಹೋಗಿ ಅವಳು ಕೇಳಿದ್ದು ನನಗೂ ಕೇಳಿಸಿತು. "ಅರ್ಧ ದಿನ ಕೊಡಿ, ನಾನೇ ಸರಿಮಾಡ್ತೀನಿ."

"ನೀವು ಟೆಸ್ಟರ್. ಫೈಲ್ ಮುಟ್ಟೋ ಹಾಗಿಲ್ಲ."

ಮಧ್ಯಾಹ್ನ ಆ ಜಾಗ ಬಯಲಾಗಿತ್ತು. ಅವಳು ಆ ಹುಲ್ಲಿನ ಮೇಲೆ ನಾಲ್ಕು ಸಲ ಅತ್ತಿಂದಿತ್ತ ನಡೆದು ನೋಡಿ, ತೊಂದರೆಯಿಲ್ಲ ಎಂದು ಬರೆದಳು. ಆರು ತಿಂಗಳು ಮುಗಿದ ಮೇಲೆ ಅವಳನ್ನು ಯಾರೂ ಉಳಿಸಿಕೊಳ್ಳಲಿಲ್ಲ.

ಗೇಮ್ ಬಿಡುಗಡೆಯಾದ ವಾರ ಫೋನ್ ಮಾಡಿದ್ದಳು. ಅಜ್ಜಿಗೆ ತೋರಿಸಿದಳಂತೆ.

"ಬಾವಿ ಗುರುತು ಹಿಡಿದ್ಲು ಅಕ್ಕಾ. ನಮ್ಮನೆ ಎಲ್ಲೇ ಅಂದ್ಲು."

"ಏನಂದೆ?"

"ನೀರೊಳಗಿದೆ ಅಂದೆ. ಹೂಂ ಅಂದ್ಲು."