ಕಮರಿಯಲ್ಲಿ ಬಚ್ಚಿಟ್ಟ ಕರಿ ಹಂದಿ

ನಿಂತುಹೋಯಿತು, ಕೆಳಮನೆಯ ಸೆಂಟಿಲೂಸನ ಹಂದಿಗಳ ಚೀರಾಟ ಕತ್ತರಿಸಿದ ಹಾಗೆ ನಿಂತುಹೋಯಿತು, ಇಸ್ಮೇಲಿಯ ಒನಕೆಯೂ ಒರಳಿನೊಳಗೆ ಹಾಗೇ ನಿಂತಿತು, ಮೆಕ್ಕೆಜೋಳ ಅರ್ಧ ಒಡೆದಿದೆ, ಅರ್ಧ ಇಡಿಯಾಗೇ ಇದೆ — ಅಲ್ಲಿಗೆ ಅವನ ಅಂಗಳದ ಕೆಲಸ ಮುಗಿಯಿತು, ಇನ್ನು ಅವರು ಈ ಗುಡ್ಡ ಹತ್ತುತ್ತಾರೆ, ಬಂದೂಕು ಹಿಡಿದ ಇಬ್ಬರು, ಹಂದಿ ನೋಡುವ ಬಿಳಿಯ ಡಾಕ್ಟರು, ಮುಂದೆ ದಾರಿ ತೋರಿಸುತ್ತ ವಿಲ್ಫೋರ್, ಇದೇ ಗುಡ್ಡದಲ್ಲಿ ಹುಟ್ಟಿದವನು, ಇವಳ ಕೈಯ ಗಂಜಿ ಕುಡಿದು ಬೆಳೆದವನು, ಈಗ ಊರ ಮುಖ್ಯಸ್ಥನ ಬಂಟನಾಗಿ ಸೊಂಟದಲ್ಲಿ ದೊಣ್ಣೆ ಸಿಕ್ಕಿಸಿಕೊಂಡಿದ್ದಾನೆ — ಬರಲಿ, ಹುಡುಕಲಿ, ಗೂಟ ಖಾಲಿ, ಹಗ್ಗ ಖಾಲಿ, ನೂಲಾ ಇಲ್ಲಿಲ್ಲ, ಬೆಳಗಿನ ಮಂಜಿನಲ್ಲೇ ಮಗ ಫಿಲೊಜೆನ್ ಹಂದಿಯನ್ನು ಕಮರಿಗೆ ಇಳಿಸಿದ್ದಾನೆ, ಬಿದಿರ ಮೆಳೆಯ ಕೆಳಗೆ ತಂಪಾದ ಕೆಸರಿದೆ, ಮುಂದೆ ಒಂದು ರಾಶಿ ಮಾವಿನ ಹಣ್ಣು ಸುರಿದಿದ್ದಾನೆ, ಗಬ್ಬದ ಹಂದಿ, ತಿಂದು ಮಲಗಿರುತ್ತದೆ, ಸದ್ದು ಮಾಡುವುದಿಲ್ಲ, ಮಾಡಬೇಡ ತಾಯೀ. ರೋಗವಂತೆ, ಸಂತೆಯಲ್ಲಿ ಮೈಕು ಹಿಡಿದು ಸಾರಿದರು, ದೇಶದ ಕರಿ ಹಂದಿಗಳಿಗೆಲ್ಲ ರೋಗ, ಒಂದನ್ನೂ ಉಳಿಸಬಾರದು, ಉಳಿಸಿದರೆ ಸಮುದ್ರ ದಾಟಿ ಬಿಳಿಯರ ಹಂದಿಗಳಿಗೂ ತಗಲುತ್ತದೆ — ನನ್ನ ಹಂದಿ ಸೀನಿಲ್ಲ ಕಣಪ್ಪಾ, ಕೆಮ್ಮಿಲ್ಲ, ಅಮೆರಿಕಕ್ಕೆ ಈಜ್ಕೊಂಡು ಹೋಗುತ್ತಾ ಅದು, ಅಂತ ಇವಳು ಕೂಗಿದ್ದಕ್ಕೆ ಸಂತೆಯೆಲ್ಲ ನಕ್ಕಿತ್ತು, ನಮ್ ಹುಡುಗರನ್ನೇ ದೋಣಿ ಸಮೇತ ವಾಪಸ್ ಅಟ್ತಾರೆ, ಹಂದೀನ ಒಳಕ್ಕೆ ಬಿಟ್ಕೊತಾರಾ ಇಸ್ಮೇಲಕ್ಕಾ, ಅಂದಿದ್ದ ಯಾವನೋ, ಆಮೇಲೆ ಯಾರೂ ನಗಲಿಲ್ಲ. ಮಗುವಿಗೆ ಜ್ವರ ಬಂದರೆ ಹಂದಿ, ಶಾಲೆ ಶುರುವಾದರೆ ಹಂದಿ, ಸತ್ತವರಿಗೆ ಪೆಟ್ಟಿಗೆ ಮಾಡಿಸಲೂ ಹಂದಿ, ಬೇರೇನು ಇತ್ತು ಗುಡ್ಡದವರ ಹತ್ತಿರ, ಅಜ್ಜಿ ಹೇಳುತ್ತಿದ್ದಳು, ಕಬ್ಬಿನ ತೋಟದಲ್ಲಿ ಬೆನ್ನ ಮೇಲೆ ಚಾಟಿ ಬೀಳುತ್ತಿದ್ದ ಕಾಲದಲ್ಲಿ ನಮ್ಮವರು ಗುಡುಗು ಸಿಡಿಲಿನ ನಡುವೆ ಕಾಡಿನಲ್ಲಿ ಕೂಡಿ ಒಂದು ಕರಿ ಹಂದಿಯ ರಕ್ತ ಮುಟ್ಟಿ ಆಣೆ ಮಾಡಿದರು, ಆಮೇಲೇ ತೋಟಗಳಿಗೆ ಬೆಂಕಿ ಬಿದ್ದದ್ದು, ಆಮೇಲೇ ದೊರೆಗಳು ಹಡಗು ಹತ್ತಿದ್ದು, ಅದಕ್ಕೇ ಏನೋ ಬಿಳಿಯರಿಗೆ ಈ ಪ್ರಾಣಿಯ ಮೇಲೆ ಇನ್ನೂ ಹಗೆ — ಇರಬಹುದು, ಯಾಕಿರಬಾರದು, ಬಿಡುಗಡೆಯಾದೆವು ಅನ್ನುವುದಕ್ಕೇ ತಲೆಮಾರುಗಟ್ಟಲೆ ಫ್ರೆಂಚರಿಗೆ ದಂಡ ತೆತ್ತವರು ನಾವು, ನಮ್ಮ ಮೈಯನ್ನು ನಾವೇ ಕೊಂಡುಕೊಂಡವರು, ಆಮೇಲೆ ಅಮೆರಿಕದ ಸಿಪಾಯಿಗಳು ಬಂದರು, ರಸ್ತೆ ಮಾಡಿಸಲು ಗಂಡಸರನ್ನು ಹಗ್ಗದಲ್ಲಿ ಸಾಲಾಗಿ ಬಿಗಿದು ಎಳೆದೊಯ್ದರು, ಅಪ್ಪ ಅಂಗಿ ಕಳಚಿದಾಗಲೆಲ್ಲ ಸೊಂಟದ ಸುತ್ತ ಒಂದು ಗೀರು, ಏನಪ್ಪಾ ಅದು ಅಂದರೆ, ರಸ್ತೆ ಮಗಳೇ, ಅದು ರಸ್ತೆ, ಅನ್ನುತ್ತಿದ್ದ.

ನಾಯಿ ಬೊಗಳುತ್ತಿದೆ, ಇನ್ನೂ ದೂರದಲ್ಲಿದ್ದಾರೆ, ಕೆಳಗೆ ಸರೋವರ ಮಿನುಗುತ್ತಿದೆ, ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಆ ನೀಲಿಯ ತಳದಲ್ಲಿ ಇವಳ ಭತ್ತದ ಗದ್ದೆ, ಅವ್ವನ ಗೋರಿ, ಮಾವಿನ ಮರದ ಬುಡದ ಬಾವಿ, ಬಾವಿಯೂ ಮುಳುಗುತ್ತದೆ ಅಂದರೆ ಯಾರು ನಂಬುತ್ತಾರೆ, ಪೆಲಿಗ್ರ್‌ನಲ್ಲಿ ಅಣೆಕಟ್ಟು ಕಟ್ಟುತ್ತೇವೆ, ನೀರು ಬರುತ್ತದೆ, ಎದ್ದು ಹೋಗಿ ಅಂತ ಆಗಲೂ ಸಾರಿದ್ದರು, ಗಂಡ ದೋರಿಲಾ ನಕ್ಕಿದ್ದ, ಹೊಳೆ ಎಲ್ಲಾದ್ರೂ ಗುಡ್ಡ ಹತ್ತುತ್ತೇನೇ ಹುಚ್ಚೀ — ಹತ್ತಿತು, ಸದ್ದಿಲ್ಲದೆ ಬಂದು ಒಲೆಯ ಬೆಂಕಿ ಆರಿಸಿತು, ಎಳೆಯ ಫಿಲೊಜೆನ್‌ನನ್ನು ಸೊಂಟಕ್ಕೆ ಕಟ್ಟಿಕೊಂಡು, ಕಂಕುಳಲ್ಲಿ ಒಂದು ಹಂದಿಮರಿ ಅವುಚಿಕೊಂಡು ಇವಳು ಮೇಲಕ್ಕೆ ಓಡುತ್ತಾಳೆ, ನೂಲಾದ ಅಜ್ಜಿಯ ಅಜ್ಜಿಯೋ ಏನೋ ಆ ಮರಿ, ದೋರಿಲಾ ತಾನೇ ಮರ ಕೊಯ್ದು ಮಾಡಿದ ಬಾಗಿಲನ್ನು ಕಿತ್ತು ತರುತ್ತೇನೆಂದು ವಾಪಸಾಗುತ್ತಾನೆ, ಕುತ್ತಿಗೆಮಟ್ಟದ ನೀರಿನಲ್ಲಿ ಅದನ್ನು ತೆಪ್ಪದ ಹಾಗೆ ನೂಕುತ್ತ ಬರುತ್ತಾನೆ, ಬಾಗಿಲು ಬಂತು, ಮನೆ ಬರಲಿಲ್ಲ, ಈ ಕಲ್ಲುಗುಡ್ಡದ ಮೇಲೆ ಬಾಗಿಲನ್ನು ನಿಲ್ಲಿಸಿ ಅದರ ಸುತ್ತ ಗುಡಿಸಲು ಕಟ್ಟಿದ, ಎರಡು ಸುಗ್ಗಿ ಕಲ್ಲು ಅಗೆದ, ಆಮೇಲೆ ಅಗೆಯಲಿಲ್ಲ, ನೀರು ನೋಡುತ್ತ ಕೂತ, ಕೂತಲ್ಲೇ ಹೋಗಿಬಿಟ್ಟ. ಆ ನೀರಿನಲ್ಲಿ ಹುಟ್ಟುವ ಬೆಳಕು ತಂತಿ ಹಿಡಿದು ಇವಳ ತಲೆಯ ಮೇಲೇ ಹಾದು ರಾಜಧಾನಿಗೆ ಹೋಗುತ್ತದೆ, ಗುಡ್ಡದಲ್ಲಿ ಸೀಮೆಎಣ್ಣೆ ಬುಡ್ಡಿ. ಹೇಗಿದ್ದೀರಿ ಅಂತ ಯಾರು ಕೇಳಿದರೂ ಇಲ್ಲಿಯವರು ಕೊಡುವ ಉತ್ತರ ಒಂದೇ, ನೂಲಾ, ಇದ್ದೀವಿ, ಚೆನ್ನಾಗಿದ್ದೀವಿ ಅಂತಲ್ಲ, ಕೆಟ್ಟಿದ್ದೀವಿ ಅಂತಲೂ ಅಲ್ಲ, ಬರೀ ಇದ್ದೀವಿ, ಹಳೇ ಹಂದಿಯ ಕಡೇ ಸೂಲಿನ ಮರಿಗಳಲ್ಲಿ ಬದುಕಿ ಉಳಿದ ಒಂದೇ ಒಂದಕ್ಕೆ ಅದೇ ಹೆಸರಿಟ್ಟಳು.

ಮಾನ, ಅಂತ ಬೇಲಿಯಾಚೆ ವಿಲ್ಫೋರನ ಕೂಗು, ಬಂದವರು ಹಾಗೆ ಕೂಗಬೇಕು, ಒಳಗಿನವರು ಮರ್ಯಾದೆ ಅಂತ ಮಾರುತ್ತರ ಕೊಡಬೇಕು, ಕೊಟ್ಟ ಮೇಲೇ ಅಂಗಳಕ್ಕೆ ಕಾಲಿಡಬೇಕು, ಇವಳು ತುಟಿ ಬಿಚ್ಚಲಿಲ್ಲ, ಅವನು ಕಾಲಿಟ್ಟೇಬಿಟ್ಟ, ಅತ್ತೇ ಹಂದಿ ಎಲ್ಲಿ ಅಂದ, ಯಾವ ಹಂದಿ ಮಗಾ ಅಂದಳು, ಅಯ್ಯೋ ಅತ್ತೇ ಇಡೀ ಗುಡ್ಡಕ್ಕೆ ಗೊತ್ತಿರೋ ಹಂದಿ, ಮಾರ್ಬಿಟ್ಟೆ ಕಣೋ, ಯಾರಿಗೆ, ಸೈತಾನನಿಗೆ, ನಿಮ್ಮ ಮುಖ್ಯಸ್ಥನ ನೆಂಟನಂತೆ ಕೇಳ್ನೋಡು ಹೋಗು — ಅವನು ನಗುತ್ತಾನೆ, ಚಿಕ್ಕಂದಿನ ಅದೇ ನಗೆ, ಮುಂದಿನ ಹಲ್ಲು ಮುರಿದದ್ದು ಇದೇ ಅಂಗಳದಲ್ಲಿ ಬಿದ್ದು, ಹೊಸಾ ಹಂದಿ ಕೊಡ್ತಾರಂತೆ ಅತ್ತೇ, ಬೆಳ್ಳಗೆ, ದಪ್ಪಗೆ, ಅಮೆರಿಕದ್ದು ಅಂದ, ಬಿಳೀ ಹಂದಿ ನಮ್ಮನೆ ಸಿಪ್ಪೆ ತಿನ್ನುತ್ತೇನೋ, ಅದಕ್ಕೂ ಮೇಜು ಕುರ್ಚಿ ಹಾಕ್ಬೇಕೇನೋ — ಬಿಳಿಯ ಡಾಕ್ಟರು ನೆರಳಿನ ಕಲ್ಲಿನ ಮೇಲೆ ಕೂತು ಕುತ್ತಿಗೆ ಒರೆಸಿಕೊಳ್ಳುತ್ತಿದ್ದಾನೆ, ಎಷ್ಟು ಚಿಕ್ಕ ವಯಸ್ಸು, ಬೂಟಿನ ಮೇಲೆ ಸೆಂಟಿಲೂಸನ ಹಂದಿಗಳ ರಕ್ತ ಒಣಗಿದೆ, ಇವನಿಗೂ ಒಬ್ಬ ತಾಯಿ ಇರುತ್ತಾಳೆ, ಆಗ ಬಂದೂಕಿನವರು ಹಿತ್ತಿಲಿನಿಂದ ಫಿಲೊಜೆನ್‌ನನ್ನು ತಳ್ಳಿಕೊಂಡು ಬಂದರು, ಅಯ್ಯೋ ಕಾಲು ತೊಳೆದುಕೊಂಡಿಲ್ಲ, ಮೊಣಕಾಲಿನವರೆಗೂ ಕಮರಿಯ ಕೆಂಪು ಕೆಸರು, ವಿಲ್ಫೋರ್ ಆ ಕೆಸರನ್ನು ನೋಡಿದ, ನಗೆ ಹೋಯಿತು, ಎಲ್ಲಿಟ್ಟಿದ್ದೀಯೋ ಹೇಳು, ಫಿಲೊಜೆನ್ ನೆಲ ನೋಡಿದ, ದೊಣ್ಣೆ ಬಿತ್ತು, ಹೇಳೋ, ಬಿತ್ತು, ನಿನ್ ಜೊತೆ ಆಡಿ ಬೆಳೆದೋನು ಕಣೋ ನಾನು, ನನ್ ಕೈಲಿ ಯಾಕೋ ಮಾಡಿಸ್ತೀಯಾ ಇದನ್ನ, ಬಿತ್ತು, ಡಾಕ್ಟರು ಎದ್ದು ತನ್ನ ಭಾಷೆಯಲ್ಲಿ ಏನೋ ಕೂಗಿದ, ಯಾರೂ ತಿರುಗಿ ನೋಡಲಿಲ್ಲ, ಸದ್ದು ಒಣ ತೆಂಗಿನಕಾಯಿ ಒಡೆದ ಹಾಗೆ, ಅಪ್ಪನ ಸೊಂಟ, ನೀರು ಒಲೆಯ ಬುಡಕ್ಕೆ ಬಂದಿದೆ, ಇವರು ಹೇಳಿದ್ದನ್ನು ಮಾಡುತ್ತಾರೆ, ಯಾವತ್ತೂ ಮಾಡಿದ್ದಾರೆ, ದೋರಿಲಾ ನೀನು ನಂಬಲಿಲ್ಲ, ಬಿಡ್ರೋ ನನ್ ಮಗನ್ನ ಬಿಡ್ರೋ ಅಂದಳು, ನಾನೇ ಕರೀತೀನಿ, ಬೇರೆ ಯಾರು ಕರೆದ್ರೂ ಅದು ಬರಲ್ಲ. ಅವ್ವಾ ಬೇಡ, ಅಂದ ಫಿಲೊಜೆನ್, ಬಾಯಿಂದ ಮಾತಿನ ಜೊತೆ ರಕ್ತ ಬಂತು, ಕರೀಬೇಡವ್ವಾ.

ಕಮರಿಯ ಅಂಚಿನಲ್ಲಿ ನಿಂತಳು, ದಿನವೂ ಕರೆಯುವ ಹಾಗೇ ಕರೆದಳು, ದನಿ ನಡುಗಿದರೆ ಅದಕ್ಕೆ ತಿಳಿದುಬಿಡುತ್ತದೆ, ನಡುಗಲಿ ಎಂದೇ ಬೇಡಿಕೊಂಡಳು, ತಿಳಿಯಲಿ, ಬರದಿರಲಿ, ಆದರೆ ದನಿ ನಡುಗಲಿಲ್ಲ, ಎಂದಿನಂತೆಯೇ ಇಂಪಾಗಿ ಹೊರಟಿತು, ನೂಲಾ ಬಾ, ನೂಲಾ ಬಾರೇ, ಬಿದಿರು ಅಲುಗಿತು. ಮುಂದಿನದೆಲ್ಲ ಆಗಿಹೋಯಿತು, ಕತ್ತಿ, ಗುಂಡಿ, ಗುಂಡಿಯ ಮೇಲೆ ಸುಣ್ಣ, ಅವರು ಇನ್ನೊಂದು ಗುಡ್ಡಕ್ಕೆ ಹೋದರು, ಫಿಲೊಜೆನ್ ಚಾಪೆಯ ಮೇಲೆ ಗೋಡೆಯತ್ತ ಮುಖ ಮಾಡಿ ಮಲಗಿದ್ದಾನೆ, ಉಪ್ಪುನೀರಿನ ಬಟ್ಟೆ ಇಡಲು ಹೋದರೆ ಬೆನ್ನು ಸರಿಸುತ್ತಾನೆ, ಸೆಂಟಿಲೂಸ್ ಬಂದು ಕಾಫಿ ಕೊಟ್ಟ, ನೀನೇನ್ ಮಾಡೋಕಾಗ್ತಿತ್ತು ಇಸ್ಮೇಲಕ್ಕಾ ಅಂದ, ಹೂಂ ಅಂದಳು, ಕಾಫಿ ಆರಿತು, ಕತ್ತಿ ಕಣ್ಣಿಗೆ ಬರುವುದಿಲ್ಲ, ಗುಂಡಿಯೂ ಬರುವುದಿಲ್ಲ, ಅದಕ್ಕೂ ಮುಂಚೆ, ಸ್ವಲ್ಪ ಮುಂಚೆ, ಕಾಲುದಾರಿಯ ತಿರುವು, ಅಲ್ಲಿಗೆ ಬಂದು ಎಲ್ಲವೂ ನಿಲ್ಲುತ್ತದೆ, ತಿರುವಿನಲ್ಲಿ ಮೊದಲು ಮೂತಿ, ಮೂತಿಗೆ ಮಾವಿನ ನಾರು ಅಂಟಿದೆ, ಆಮೇಲೆ ಎರಡು ಕಿವಿ, ಜೋತ ಹೊಟ್ಟೆ ಕಲ್ಲಿಗೆ ತಾಗುತ್ತಿದೆ, ಆದರೂ ಓಡುತ್ತಿದೆ, ಕರೆದಳಲ್ಲ ಅಂತ, ಮೂತಿ, ಕಿವಿ, ಏದುಸಿರು ಬಿಡುತ್ತ ಓಡುತ್ತಿದೆ, ಮೇಲಕ್ಕೆ, ಇವಳತ್ತ, ಮತ್ತೆ ತಿರುವು, ಮತ್ತೆ ಮೂತಿ, ಕಿವಿ ಬಡಿಯುತ್ತ ಓಡಿ ಬರುತ್ತಿದೆ —